ಕಾಲು ಗಂಟೆಗೆ 250 ಪದ

ಬರೆಯುವವರ ಬಾಯಲ್ಲಿ ಸದಾ ಸಿದ್ಧವಿರುವ ನೆಪವೆಂದರೆ ‘ಮೂಡ್ ಬರಲಿಲ್ಲ’. ಇದನ್ನು ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಹತ್ತಿರ ಹೇಳಿ ದಕ್ಕಿಸಿಕೊಳ್ಳುವುದು ಕಷ್ಟವಿತ್ತು. ಸ್ಫೂರ್ತಿಗಿಂತ ಕುರ್ಚಿಗೆ ಮೆತ್ತಿದ ಚಮ್ಮಾರನ ಮೇಣದ ಮೇಲೆ ತನಗೆ ಹೆಚ್ಚು ನಂಬಿಕೆ ಎಂದವನು ಅವನು. ಕೂತವನು ಏಳಬಾರದು, ಅಷ್ಟೇ. ಹಾಗೆ ಕೂತು 47 ಕಾದಂಬರಿ ಬರೆದ. ಅವುಗಳಲ್ಲಿ ಹಲವನ್ನು ಅಂಚೆ ಇಲಾಖೆಯ ಸಂಬಳದಲ್ಲಿದ್ದುಕೊಂಡೇ ಬರೆದ. 1834ರಲ್ಲಿ ಗುಮಾಸ್ತನಾಗಿ ಸೇರಿದವನು ಕೆಲಸ ಬಿಟ್ಟದ್ದು 1867ರಲ್ಲಿ.

ಲಂಡನ್ನಿನ ಹೊರಗೆ ವಾಲ್ಥಮ್ ಕ್ರಾಸ್‌ನಲ್ಲಿದ್ದ ಮನೆಯಲ್ಲಿ ಬೆಳಗಿನ ಐದೂವರೆಗೆ ಬರವಣಿಗೆ ಶುರು. ಎಬ್ಬಿಸಿ ಕಾಫಿ ಕೊಡುವುದು ಕುದುರೆ ನೋಡಿಕೊಳ್ಳುವ ಮುದುಕನ ಕೆಲಸ. ಅದಕ್ಕೆಂದೇ ವರ್ಷಕ್ಕೆ 5 ಪೌಂಡ್ ಹೆಚ್ಚುವರಿ. ಅಷ್ಟು ವರ್ಷಗಳಲ್ಲಿ ಆ ಮುದುಕ ಒಂದು ದಿನವೂ ತಡಮಾಡಲಿಲ್ಲವಂತೆ. ತನ್ನ ಯಶಸ್ಸಿಗೆ ಮಿಕ್ಕವರೆಲ್ಲರಿಗಿಂತ ಅವನಿಗೇ ಹೆಚ್ಚು ಋಣಿ ಎಂದು ಟ್ರಾಲಪ್ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಮೊದಲ ಅರ್ಧ ಗಂಟೆ ಹೊಸದೇನೂ ಬರೆಯುವ ಹಾಗಿಲ್ಲ. ಹಿಂದಿನ ದಿನ ಬರೆದದ್ದನ್ನು ಓದಬೇಕು. ವಾಕ್ಯಗಳ ನಾದ ಕಿವಿಗೆ ಸರಿ ಬೀಳುತ್ತದೆಯೇ ಎಂದು ನೋಡಬೇಕು. ನನಗೆ ಕೇಳಿದರೆ ಗುಟ್ಟೆಲ್ಲ ಇರುವುದು ಇಲ್ಲೇ. ನಿನ್ನೆಯ ಧಾಟಿ ಕಿವಿಗೆ ಹತ್ತಿದ ಮೇಲೆ ಇವತ್ತಿನ ಮೊದಲ ವಾಕ್ಯಕ್ಕಾಗಿ ಸೂರು ನೋಡುತ್ತಾ ಕೂರಬೇಕಾಗಿಲ್ಲ. ಆಮೇಲೆ ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ಎಂಟೂವರೆಗೆ ಪೆನ್ನು ಕೆಳಗಿಟ್ಟರೆ ಎರಡೂವರೆ ಸಾವಿರ ಪದ ಕೈಯಲ್ಲಿ. ಆಮೇಲೆ ಬಟ್ಟೆ ಬದಲಿಸಿ ತಿಂಡಿಗೆ.

ಗಡಿಯಾರಕ್ಕಿಂತ ಕಠಿಣವಾದದ್ದು ಇನ್ನೊಂದಿತ್ತು: ದಿನಚರಿ ಪುಸ್ತಕ. ಹೊಸ ಕಾದಂಬರಿ ಹಿಡಿದಾಗಲೆಲ್ಲ ವಾರವಾರಕ್ಕೆ ಮನೆ ಎಳೆದು, ದಿನಕ್ಕೆ ಎಷ್ಟು ಪುಟವಾಯಿತೆಂದು ತುಂಬುವುದು. ಪುಟ ಎಂದರೆ 250 ಪದ. ಪುಟಗಳು ಹಿಗ್ಗಿ ಕುಗ್ಗಿ ಮೋಸ ಮಾಡುತ್ತವೆಂದು ಪದಗಳನ್ನೇ ಎಣಿಸುತ್ತಿದ್ದ. ವಾರಕ್ಕೆ ಸರಾಸರಿ 40 ಪುಟ. ಕೆಟ್ಟ ವಾರಕ್ಕೆ 20, ಒಂದು ಸಲ 112. ಸೋಮಾರಿತನ ಮಾಡಿದರೆ ಖಾಲಿ ಮನೆ ಕಣ್ಣಿಗೆ ಚುಚ್ಚುತ್ತದೆ. ಅದನ್ನು ಬೇರೆ ಯಾರೂ ನೋಡಬೇಕಾಗಿಲ್ಲ, ತಾನು ನೋಡಿದರೆ ಸಾಕು.

ಇಲಾಖೆಯ ಕೆಲಸಕ್ಕಾಗಿ ಊರೂರು ಸುತ್ತುವಾಗ ಮೇಜು ಎಲ್ಲಿಂದ ಬರಬೇಕು? ಮಡಿಲಲ್ಲಿ ಇಟ್ಟುಕೊಳ್ಳುವ ಒಂದು ಬರೆಯುವ ಹಲಗೆ ಮಾಡಿಸಿಕೊಂಡ. ಕುಲುಕುವ ರೈಲಿನಲ್ಲಿ ಶಾಯಿ ನಡೆಯುವುದಿಲ್ಲ, ಆದ್ದರಿಂದ ಪೆನ್ಸಿಲ್. ಆಮೇಲೆ ಹೆಂಡತಿ ರೋಸ್ ಅದನ್ನು ನಕಲು ಮಾಡಿಕೊಡುತ್ತಿದ್ದಳು. ‘ಬಾರ್ಚೆಸ್ಟರ್ ಟವರ್ಸ್’ ಕಾದಂಬರಿಯ ಬಹುಭಾಗ ಹುಟ್ಟಿದ್ದು ಹೀಗೆ. ಕೆಲವೇ ದಿನಗಳಲ್ಲಿ ಮನೆಯಷ್ಟೇ ವೇಗ ರೈಲಿನಲ್ಲೂ ಬಂತು. ಕಾಡಿದ್ದು ಕುಲುಕಾಟವಲ್ಲ, ಸಂಕೋಚ: ಎದುರಿಗೆ ಕೂತವರು ‘ಸಾಹಿತಿಯ ಜಂಭ ನೋಡು’ ಎಂದುಕೊಂಡರೆ?

ಸಮುದ್ರಯಾನ ಮಾತ್ರ ನಿಜವಾದ ಪರೀಕ್ಷೆ. 1858ರಲ್ಲಿ ಇಲಾಖೆ ಅವನನ್ನು ಈಜಿಪ್ಟಿಗೆ ಕಳಿಸಿತು. ನಮ್ಮ ದೇಶಕ್ಕೆ ಬರುವ ಟಪಾಲು ಚೀಲಗಳು ಆಗ ಈಜಿಪ್ಟಿನ ನೆಲ ದಾಟಿ ಸೂಯೆಜ್‌ನಲ್ಲಿ ಮತ್ತೆ ಹಡಗು ಹತ್ತುತ್ತಿದ್ದವು. ಅವನ್ನು ರೈಲಿನಲ್ಲಿ ಸಾಗಿಸುವ ಒಪ್ಪಂದ ಮಾಡಿಕೊಂಡು ಬರಬೇಕಿತ್ತು. ಹಡಗು ಹೊಯ್ದಾಡುತ್ತಿತ್ತು. ಬರೆಯುತ್ತಿದ್ದ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ವಾಂತಿಗೆ ಓಡಿದ್ದು ಒಂದೆರಡು ಸಲವಲ್ಲ. ಆದರೂ ದಿನದ ಲೆಕ್ಕ ತಪ್ಪಲಿಲ್ಲ. ಒಂದು ದಿನ ‘ಡಾಕ್ಟರ್ ಥಾರ್ನ್’ ಮುಗಿಯಿತು. ಮಾರನೆಯ ದಿನ ‘ದಿ ಬರ್ಟ್ರಮ್ಸ್’ ಶುರು. ನಡುವೆ ಒಂದು ದಿನದ ರಜೆಯೂ ಇಲ್ಲ. ಇದು ಸ್ವಲ್ಪ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ.

ಬ್ರಿಟಿಷ್ ದ್ವೀಪಗಳಲ್ಲಿ ಬೀದಿಬದಿಯ ಕಂಬದಾಕಾರದ ಅಂಚೆಪೆಟ್ಟಿಗೆ ಬಂದದ್ದೂ ಇವನ ಸಲಹೆಯಿಂದಲೇ. ಮೊದಲಿಗೆ 1852ರಲ್ಲಿ, ಜರ್ಸಿ ದ್ವೀಪದಲ್ಲಿ. ತಮಾಷೆಯೆಂದರೆ ಅವನದೇ ಕಾದಂಬರಿಯೊಂದರಲ್ಲಿ ಬರುವ ಮಿಸ್ ಸ್ಟಾನ್‌ಬರಿ ಎಂಬ ಹಳೇ ಕಾಲದ ಹೆಂಗಸಿಗೆ ಆ ಕಬ್ಬಿಣದ ಕಂಬದ ಮೇಲೆ ಕಿಂಚಿತ್ತೂ ನಂಬಿಕೆಯಿಲ್ಲ. ಅದರೊಳಗೆ ಹಾಕಿದ ಕಾಗದ ಊರು ಸೇರುವುದುಂಟೇ ಎಂಬುದು ಅವಳ ವಾದ.

ಈ ದಿನಚರಿಯನ್ನೆಲ್ಲ ಗುಟ್ಟಾಗಿಟ್ಟಿದ್ದರೆ ಒಳ್ಳೆಯದಿತ್ತೇನೋ. 1882ರಲ್ಲಿ ತೀರಿಕೊಂಡ, ಮರುವರ್ಷ ಆತ್ಮಕಥೆ ಅಚ್ಚಾಯಿತು. ಕಾಲು ಗಂಟೆಯ ಲೆಕ್ಕ, ಮೇಣದ ಮಾತು, ಅದರ ಜೊತೆಗೆ ಯಾವ ಪುಸ್ತಕಕ್ಕೆ ಎಷ್ಟು ಬಂತೆಂಬ ಪಟ್ಟಿ. ಒಟ್ಟು ಮೊತ್ತ 68,939 ಪೌಂಡ್, 17 ಶಿಲ್ಲಿಂಗ್, 5 ಪೆನ್ಸ್. ಕಲೆಗಾರನೆಂದರೆ ಜಮಾಖರ್ಚು ಗೊತ್ತಿಲ್ಲದವನು ಎಂದುಕೊಂಡಿದ್ದವರಿಗೆ ಪೌಂಡು ಹೇಗೋ ಜೀರ್ಣವಾದೀತು, ಆ 5 ಪೆನ್ಸ್ ಗಂಟಲಲ್ಲಿ ಸಿಕ್ಕಿಕೊಂಡಿತು. ಬಹಳ ಕಾಲ ಅವನನ್ನು ಬರೆಯುವ ಯಂತ್ರವೆಂದೇ ಆಡಿಕೊಂಡರು. ವಾಂತಿ ಮಾಡಿಕೊಂಡು ಬಂದು ಮತ್ತೆ ಬರೆಯಲು ಕೂತ ಯಂತ್ರ!