ಕಡ್ಡಿ ಮುರಿದ ಹಾಗೆ

ಶಿವಮೊಗ್ಗದ ಗೋಪಾಳದಿಂದ ಗಾಂಧಿ ಬಜಾರಿಗೆ ಹೊರಟಿದ್ದೆ. ನನ್ನ ಎಲೆಕ್ಟ್ರಿಕ್ ಸೈಕಲ್ಲಿನ ಹಿಂದಿನ ಚಕ್ರ ‘ಟಿಣ್’ ಎಂದಿತು. ಇಳಿದು ನೋಡಿದರೆ 36 ಕಡ್ಡಿಗಳಲ್ಲಿ ಒಂದು ಮೋಟಾರಿನ ಬುಡದಲ್ಲೇ, ಬಾಗುವ ಜಾಗದಲ್ಲಿ, ತುಂಡಾಗಿ ನೇತಾಡುತ್ತಿತ್ತು. ಒಂದು ಕಡ್ಡಿ ತಾನೇ, ಅರ್ಧ ಗಂಟೆ ಕೆಲಸ ಅಂದುಕೊಂಡೆ. ಆಗ ಜೂನ್. ಈಗ ದಸರಾ ಮುಗಿದಿದೆ.

ಮೊದಲು ಸೈಕಲ್ ಅಂಗಡಿ. ಹುಡುಗ ಚಕ್ರದ ನಡುವಿನ ಮೋಟಾರ್ ನೋಡಿ, ಹಾವು ಕಂಡವನ ಹಾಗೆ ಎರಡು ಹೆಜ್ಜೆ ಹಿಂದೆ ಸರಿದ. “ಇದು ಬೈಕ್ ಸಾರ್, ನಾವು ಸೈಕಲ್ ಮಾತ್ರ ಮಾಡೋದು.” ಬೈಕ್ ಗ್ಯಾರೇಜಿನವರು ಪೆಡಲ್ ನೋಡಿ ನಕ್ಕರು. “ಇದು ಸೈಕಲ್ ಅಲ್ವಾ ಸಾರ್?” ಮೋಟಾರ್ ವೈಂಡಿಂಗ್ ಅಂಗಡಿಯವರು ಮರ್ಯಾದಸ್ಥರು. ಕೂರಿಸಿ, ಟೀ ತರಿಸಿ, “ಮೋಟಾರ್ ಸುಟ್ಟರೆ ತನ್ನಿ, ಕಡ್ಡಿ ನಮ್ಮದಲ್ಲ” ಎಂದರು. ಮೂವರೂ ಕಡ್ಡಿ ಮುರಿದ ಹಾಗೆ ಹೇಳಿದರು. ಮುರಿಯೋಕೆ ಊರಲ್ಲಿ ಜನ ಬೇಕಾದಷ್ಟಿದ್ದಾರೆ.

ಕಾನೂನಿಗೆ ಮಾತ್ರ ಇದರಲ್ಲಿ ಗೊಂದಲವೇ ಇಲ್ಲ. ಮೋಟಾರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ, ಇನ್ನೊಂದೆರಡು ಷರತ್ತು. ಇಷ್ಟಿದ್ದರೆ ಇದು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಆದರೆ ಅಂಗಡಿಯವರ ಲೆಕ್ಕದಲ್ಲಿ ಮನುಷ್ಯನೂ ಅಲ್ಲ, ಮೃಗವೂ ಅಲ್ಲ. ಪ್ರತಿ ಅಂಗಡಿಯ ಹೊಸ್ತಿಲಲ್ಲಿ ನಿಂತಾಗಲೂ ನನಗೆ ಹಿರಣ್ಯಕಶಿಪುವಿನ ನೆನಪಾಗುತ್ತಿತ್ತು. ಅವನ ಕೆಲಸವಾದರೂ ಹೊಸ್ತಿಲಲ್ಲೇ ಮುಗಿಯಿತು.

ಕೊನೆಗೆ ನಮ್ಮ ಬೀದಿಯ ಪಂಕ್ಚರ್ ಅಜ್ಜನೇ ಚಕ್ರ ಮುಟ್ಟಿದ್ದು. ತಂಬೂರಿ ಶ್ರುತಿ ನೋಡುವ ಹಾಗೆ ಒಂದೊಂದೇ ಕಡ್ಡಿ ಮೀಟಿದ. ಒಂದು ‘ಟಿಂಗ್’, ಪಕ್ಕದ್ದು ‘ದಬ್’. “ಬಿಗಿ ಜಾಸ್ತಿಯಾಗಿ ಮುರಿದಿದ್ದಲ್ಲ ಮಾರಾಯ್ರೆ, ಸಡಿಲಾಗಿ ಮುರಿದಿದ್ದು. ಸಡಿಲ ಕಡ್ಡಿ ಸುತ್ತು ಸುತ್ತಿಗೂ ಬಾಗಿ ಬಾಗಿ ಸುಸ್ತಾಗ್ತದೆ. ಅದು ಹೋದ್ರೆ ಅದರ ಭಾರ ಅಕ್ಕಪಕ್ಕದ್ದಕ್ಕೆ.” ಉಳಿದ ಕಡ್ಡಿಗಳ ತುದಿಯ ನಿಪ್ಪಲ್ ತಿರುಪನ್ನು ಕಾಲು ಕಾಲು ಸುತ್ತು ತಿರುಗಿಸಿ ಚಕ್ರದ ಔಟ್, ಅಂದರೆ ಓಲಾಟ, ತೆಗೆದ. ಆದರೆ ಹೊಸ ಕಡ್ಡಿ? ಮೋಟಾರ್ ಇಷ್ಟು ದಪ್ಪ ಇರುವುದರಿಂದ ಮಾಮೂಲಿ ಸೈಕಲ್ ಕಡ್ಡಿ ನಾಲ್ಕು ಬೆರಳು ಉದ್ದವಾಯಿತು. ಸಾಲದ್ದಕ್ಕೆ ಸಪೂರ.

ಸರಿ, ಮಾರಿದವರ ಶೋರೂಮಿಗೇ ಹೋದೆ. ಕೊಳ್ಳುವಾಗ “ಆಗುಂಬೆ ಘಾಟಿ ಆರಾಮಾಗಿ ಹತ್ತುತ್ತೆ” ಅಂದಿದ್ದರು. ಆ 14 ತಿರುವು ಹಾಗಿರಲಿ, ನಮ್ಮ ಬಡಾವಣೆಯ ಹಂಪುಗಳನ್ನೇ ದಾಟಲಿಲ್ಲವಲ್ಲ ಎಂದೆ. “ಹಂಪಿಗೆ ವಾರಂಟಿ ಇಲ್ಲ ಸಾರ್. ಕಡ್ಡಿ ಬಿಡಿಯಾಗಿ ಬರಲ್ಲ, ಮೋಟಾರ್ ಸಮೇತ ಇಡೀ ಚಕ್ರವೇ ಬರೋದು. ಇಲ್ಲಾಂದ್ರೆ ನಿಮ್ಮ ಚಕ್ರ ಬೆಂಗಳೂರಿಗೆ ಕಳಿಸಿ.” ಕಡ್ಡಿಯನ್ನು ಗುಡ್ಡ ಮಾಡೋದು ಅಂತ ಕೇಳಿದ್ದೆ. ಬಿಲ್ ಸಮೇತ ನೋಡಿದ್ದು ಅವತ್ತೇ.

ಬೆಂಗಳೂರು ಬಸ್ಸಿನ ಕಂಡಕ್ಟರ್ ಗೋಣಿಚೀಲ ಬಿಚ್ಚಿಸಿ ನೋಡಿದರು. “ಇದೇನು, ಬೈಕಿಂದಾ? ಸೈಕಲ್‌ದಾ?” ನಾನು ಸುಮ್ನೆ ನಿಂತೆ. ಅವರು ಒಂದು ನಿಮಿಷ ಯೋಚಿಸಿ ಟಿಕೆಟ್ ಹರಿದರು: ಲಗೇಜ್. ಅಂತೂ ಅದಕ್ಕೊಂದು ಗುರುತು ಸಿಕ್ಕಿತು.

ಚಕ್ರ ಹೋಗಿ ಮಳೆಗಾಲವೇ ಕಳೆಯಿತು. ಸೈಕಲ್ ಜಗಲಿಯಲ್ಲಿ ಎರಡು ಇಟ್ಟಿಗೆ ಮೇಲೆ ಕೂತಿದೆ. ಅಮ್ಮ ಅದರ ಹ್ಯಾಂಡಲ್ ಮೇಲೆ ಒದ್ದೆ ಬಟ್ಟೆ ಹರವುತ್ತಾಳೆ. ಅಷ್ಟು ದುಡ್ಡಿಗೆ ಇದೊಂದಾದರೂ ಆಯಿತಲ್ಲ ಎನ್ನುತ್ತಾಳೆ.

ಮೊನ್ನೆ ಶೋರೂಮಿನಿಂದ ಫೋನ್ ಬಂತು. ಚಕ್ರ ಬಂತೇನೋ ಅಂತ ಓಡಿ ಬಂದು ತೆಗೆದೆ. “ಸಾರ್, ಹಬ್ಬಕ್ಕೆ ಎಕ್ಸ್‌ಚೇಂಜ್ ಆಫರ್ ಬಿಟ್ಟಿದ್ದೀವಿ. ಹಳೇ ಸೈಕಲ್ ತನ್ನಿ, ಹೊಸದು ತಗೊಂಡು ಹೋಗಿ. ಒಂದೇ ಕಂಡೀಷನ್ ಸಾರ್, ಎರಡೂ ಚಕ್ರ ಇರಬೇಕು.”