82 ಬಂದವನು ಅತ್ತ, 41 ಬಂದವಳು ಪೆನ್ನು ತೆಗೆದಳು

ನಾನು ಪಾಠ ಮಾಡುವುದು ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿ. ಟೆಸ್ಟಿನ ಅಂಕ ಹೊರಬಿದ್ದ ಮರುದಿನ ಇಬ್ಬರು ನನ್ನ ಕೋಣೆಗೆ ಬಂದರು. ಮೊದಲು ಬಂದವಳು ಇಲ್ಲಿಯವಳೇ, 100ಕ್ಕೆ 41. ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಪೆನ್ನು ತೆಗೆದು, "ಈ ಎರಡು ಅಧ್ಯಾಯ ನನ್ನ ತಲೆಗೇ ಹೋಗಿಲ್ಲ, ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದಳು. ಬೇಸರವಿತ್ತು, ನಾಚಿಕೆ ಇರಲಿಲ್ಲ. ಆಮೇಲೆ ಬಂದವನು ನಮ್ಮ ಕಡೆಯ ಹುಡುಗ, 82. ಕುರ್ಚಿಯ ತುದಿಯಲ್ಲಿ ಕೂತು, ಪತ್ರಿಕೆಯನ್ನು ಮಡಚುತ್ತಾ ಬಿಚ್ಚುತ್ತಾ, "ಸರ್, ನಾನು ಯಾವುದಕ್ಕೂ ಲಾಯಕ್ಕಿಲ್ಲ. ಮನೇಲಿ ಏನಂತ ಹೇಳಲಿ?" ಎಂದು ಅತ್ತೇಬಿಟ್ಟ.

ಆ ಮಾತು ಇವತ್ತಿಗೂ ಚುಚ್ಚುತ್ತದೆ. ನಾವೆಲ್ಲ ಅದನ್ನು ಕೇಳುತ್ತಲೇ ಬೆಳೆದವರು. 98 ತಂದರೆ ಇನ್ನೆರಡು ಎಲ್ಲಿ ಹೋಯಿತು ಎಂಬ ಪ್ರಶ್ನೆ, ರಿಸಲ್ಟ್ ದಿನ ನೆಂಟರ ಫೋನು, ಪಕ್ಕದ ಮನೆ ಹುಡುಗಿಯ ರ‍್ಯಾಂಕು. ಬಂದರೆ ಪೂರ್ತಿ ಬರಬೇಕು, ಇಲ್ಲದಿದ್ದರೆ ಬಂದದ್ದೂ ಲೆಕ್ಕಕ್ಕಿಲ್ಲ. ಒಂದು ಸೋಲಿನಿಂದ ಇಡೀ ಬದುಕಿಗೇ ತೀರ್ಪು ಬರೆದುಬಿಡುವ ಈ ಯೋಚನೆಯನ್ನು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತಿನಲ್ಲಿ ಗುರುತಿಸಿದ್ದರು. ನಮ್ಮಲ್ಲಿ ಅದನ್ನೇ ಶಿಸ್ತು ಅಂದುಕೊಂಡು ಮಕ್ಕಳಿಗೆ ಕಲಿಸುತ್ತೇವೆ.

ಆ ಹುಡುಗ ಆಮೇಲೆ ಕೆಲವು ವಾರ ತರಗತಿಗೇ ಬರಲಿಲ್ಲ. ಅಸೈನ್‌ಮೆಂಟೂ ಇಲ್ಲ. ಕಾರಿಡಾರಿನಲ್ಲಿ ಸಿಕ್ಕಾಗ "ಏನಪ್ಪಾ, ಎಲ್ಲಿ?" ಎಂದರೆ, "ಇನ್ನೂ ಸರಿಯಾಗಿಲ್ಲ ಸರ್, ಪೂರ್ತಿ ಆದಮೇಲೆ ಕೊಡ್ತೀನಿ" ಎಂದ. ಒತ್ತಾಯ ಮಾಡಿ ಇದ್ದಷ್ಟನ್ನೇ ತರಿಸಿಕೊಂಡು ನೋಡಿದೆ. ಮುಕ್ಕಾಲು ಪಾಲು ಮುಗಿದಿತ್ತು, ಚೆನ್ನಾಗಿಯೇ ಇತ್ತು. ಮೊದಲ ಪುಟವೊಂದನ್ನು ಮಾತ್ರ ಮತ್ತೆ ಮತ್ತೆ ತಿದ್ದಿ ಬರೆದಿದ್ದ. 41 ಬಂದವಳು ಅಷ್ಟರಲ್ಲಿ ಆ ಎರಡು ಅಧ್ಯಾಯ ಮುಗಿಸಿ ಮುಂದಿನದಕ್ಕೆ ಹೋಗಿದ್ದಳು.

ತನ್ನನ್ನು ತಾನು ಬೈದುಕೊಂಡರೇ ಬುದ್ಧಿ ಬರುವುದು, ಮೆತ್ತಗಾದರೆ ಸೋಮಾರಿಯಾಗುತ್ತಾರೆ ಎಂದು ನಮ್ಮ ಹಿರಿಯರು ಗಟ್ಟಿಯಾಗಿ ನಂಬಿದ್ದಾರೆ. 2012ರಲ್ಲಿ ಮನಶ್ಶಾಸ್ತ್ರಜ್ಞರಾದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಪ್ರಕಟಿಸಿದ ಪ್ರಯೋಗಗಳು ಬೇರೆಯದನ್ನೇ ಹೇಳುತ್ತವೆ. ಕಷ್ಟದ ಪರೀಕ್ಷೆಯೊಂದನ್ನು ಕೊಟ್ಟ ಮೇಲೆ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ನಿಮ್ಮ ಮೇಲೆ ನೀವೇ ಕಠೋರರಾಗಬೇಡಿ ಎಂದು ತಿಳಿಹೇಳಿದರು. ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಕೂತು ಓದಿದವರು ಇವರೇ. ನನಗಂತೂ ಇದರಲ್ಲಿ ಆಶ್ಚರ್ಯವಿಲ್ಲ. ಸೋತ ಪತ್ರಿಕೆಯನ್ನು ತೆರೆದು ನೋಡಲೂ ಹೆದರುವವನು ಅದರಿಂದ ಕಲಿಯುವುದಾದರೂ ಏನನ್ನು?

ಹಾಗಂತ ಈ ದೇಶದಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. "ಪರವಾಗಿಲ್ಲ" ಎಂದುಕೊಂಡೇ ವರ್ಷ ಕಳೆದುಬಿಡುವವರೂ ನನ್ನ ತರಗತಿಯಲ್ಲಿದ್ದಾರೆ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ತನ್ನ ಮೇಲೆ ತನಗಿರುವ ಕರುಣೆಯನ್ನು ಅಳೆಯಲು 2003ರಲ್ಲಿ ಮಾಪಕ ರೂಪಿಸಿದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಅದರಲ್ಲಿ ಮೂರು ಎಳೆ ಹೇಳುತ್ತಾರೆ: ತನ್ನೊಂದಿಗೆ ಮೃದುವಾಗಿರುವುದು, ನೋವನ್ನು ಹಿಗ್ಗಿಸದೆ ಇದ್ದಂತೆ ನೋಡುವುದು, ಇದು ನನ್ನೊಬ್ಬನ ಪಾಡಲ್ಲ ಎಂದು ಅರಿಯುವುದು. ಈ ಮೂರನೆಯದು ನಮ್ಮ ಹಾಸ್ಟೆಲುಗಳಲ್ಲಿ ಕೇಳದೆಯೇ ಸಿಗುತ್ತಿತ್ತು. "ನಂದೂ ಹೋಯ್ತು ಕಣೋ, ಬಾ, ಸಪ್ಲಿಮೆಂಟರಿಗೆ ಒಟ್ಟಿಗೇ ಓದೋಣ" ಎಂದು ಬೆನ್ನಿಗೆ ಗುದ್ದಿ ಎಬ್ಬಿಸುವ ಗೆಳೆಯ ಇಲ್ಲಿಯ ಮಕ್ಕಳಿಗೆ ಅಪರೂಪ. ಅವರು ಕೌನ್ಸೆಲರ್ ಬಳಿ ಸಮಯ ಕೇಳಿ ಕಾಯುತ್ತಾರೆ. ಆ ಸಲುಗೆ ನನಗೆ ಈಗಲೂ ನೆನಪಾಗುತ್ತದೆ. ಆದರೆ ಅದನ್ನು ನಮಗೆ ಕೊಟ್ಟವರು ನಮ್ಮ ಜೊತೆಯವರು, ನಮ್ಮಷ್ಟೇ ಹೆದರಿದ್ದವರು. ದೊಡ್ಡವರ ಬಾಯಲ್ಲಿ ಅಂಥ ಮಾತು ಬಂದದ್ದನ್ನು ನಾನು ಕೇಳಿಲ್ಲ. ಆ ಹುಡುಗನೂ ಕೇಳಿದಂತಿಲ್ಲ.