ಆ ಬಟ್ಟೆ ಮೇಲಿರೋದು ಯಾರದೋ ನೆಲ

ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರ ಇರುವ ಸ್ಕಾರ್ಫು, ಶರ್ಟು ನಾವು ಹಾಕಿಕೊಳ್ಳಬಹುದಾ, ತಪ್ಪಾಗಲ್ವಾ ಅಂತ ಅಲ್ಲಿರುವ ನಮ್ಮವರು ಕೇಳುತ್ತಿರುತ್ತಾರೆ. ಧಾರಾಳವಾಗಿ ಹಾಕಿಕೊಳ್ಳಿ. ಆದರೆ ಚಿತ್ರ ಬರೆದವರ ಹೆಸರಿಲ್ಲದ ಬಟ್ಟೆ ಮಾತ್ರ ಬೇಡ.

ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಗನಲ್ಬಿಂಗು ಅನ್ನುವ ಜನ ಇದ್ದಾರೆ. ಅವರಲ್ಲಿ ಜಾನಿ ಬುಲುನ್ ಬುಲುನ್ ಅನ್ನುವ ಕಲಾವಿದ 1978ರಲ್ಲಿ ತಮ್ಮ ನೆಲದ ಒಂದು ನೀರಿನ ಹೊಂಡವನ್ನು, ಅಲ್ಲಿಯ ಬಾತುಗಳು ಮತ್ತು ನೈದಿಲೆಗಳ ಜೊತೆ, ಮರದ ತೊಗಟೆ ಮೇಲೆ ಬರೆದರು. ಆ ಹೊಂಡ ಅವರಿಗೆ ಪವಿತ್ರ. ಅದನ್ನು ಯಾರು ಬರೆಯಬಹುದು, ಹೇಗೆ ಬರೆಯಬೇಕು ಅನ್ನೋದಕ್ಕೆಲ್ಲ ಕುಲದ ಕಟ್ಟುಪಾಡಿದೆ. ಇಷ್ಟೆಲ್ಲ ಇರುವಾಗ, ಒಂದು ಮಾತೂ ಕೇಳದೆ ಆ ಚಿತ್ರ ಅಚ್ಚಾದ ಬಟ್ಟೆಯನ್ನು ಒಂದು ಕಂಪನಿ ಹೊರದೇಶದಿಂದ ತರಿಸಿ ಮಾರಿತು! ಕೇಸು ಹಾಕಿದ ಮೇಲೆ ಮಾರಾಟ ನಿಂತಿತು. 1998ರಲ್ಲಿ ಕೋರ್ಟು ಹೇಳಿದ್ದು, ಕಾಪಿರೈಟ್ ಕಲಾವಿದನದು, ಕುಲದ್ದಲ್ಲ. ಆದರೆ ಕುಲದ ಹಿತ ಕಾಯುವ ಹೊಣೆ ಆತನ ಮೇಲಿದೆ ಅಂತ. ನನಗಂತೂ ಇದು ಅರ್ಧ ನ್ಯಾಯ ಅನ್ನಿಸುತ್ತದೆ. ನೆಲ ಇಡೀ ಕುಲದ್ದು, ಕಾನೂನಿನ ಕಣ್ಣಿಗೆ ಕಂಡಿದ್ದು ಒಬ್ಬ ಮನುಷ್ಯ.

ಅದೇ ಸೀಮೆಯ ಮಾನಿಂಗ್ರಿಡಾದಲ್ಲಿ ಬಬ್ಬರ್ರಾ ಮಹಿಳಾ ಕೇಂದ್ರ ಇದೆ. 1983ರಲ್ಲಿ ಹೆಂಗಸರ ಆಸರೆಯ ಮನೆಯಾಗಿ ಶುರುವಾಗಿದ್ದು, ಈಗ ಅಲ್ಲಿ ಬಟ್ಟೆಗೆ ಅಚ್ಚು ಹಾಕುತ್ತಾರೆ. ಲಿನೋ ಅನ್ನುವ ಮೆತ್ತನೆಯ ಹಾಳೆಯಲ್ಲಿ ಸಣ್ಣ ಉಳಿಯಿಂದ ಒಂದೊಂದೇ ಗೀರು ಕೆತ್ತಬೇಕು. ತೆಗೆದ ಜಾಗ ಬಟ್ಟೆಯಲ್ಲಿ ಖಾಲಿ ಉಳಿಯುತ್ತದೆ, ಉಳಿಸಿದ ಜಾಗ ಬಣ್ಣ ಹಿಡಿಯುತ್ತದೆ, ಕೈ ತಪ್ಪಿದರೆ ತಿದ್ದೋಕಾಗಲ್ಲ. ಮೀನಿನ ಬಾಲದ ಯೌಕ್‌ಯೌಕ್ ಅನ್ನುವ ನೀರಿನ ಹೆಣ್ಣುಗಳು, ಮೀನು ಹಿಡಿಯುವ ಬಲೆಗಳು, ಎಲ್ಲ ಅವರ ಊರಿನವೇ. ಯಾರ ವಿನ್ಯಾಸ, ಯಾವ ಕಥೆ ಅಂತ ಬಟ್ಟೆಯ ಜೊತೆಗೇ ಹೇಳುತ್ತಾರೆ.

ಬೆಲೆ ಜಾಸ್ತಿ ಅನ್ನುತ್ತೀರಾ? ಜಾಸ್ತಿಯೇ. ಸುಮ್ನೆ ಚುಕ್ಕೆ ಇಟ್ಟು, ಮೂಲನಿವಾಸಿಗಳ ಚಿತ್ರ ಅಂತ ಅಗ್ಗಕ್ಕೆ ಮಾರುವವರು ಬೇಕಾದಷ್ಟಿದ್ದಾರೆ. ಆಸ್ಟ್ರೇಲಿಯಾ ಸರ್ಕಾರಕ್ಕೆ ಸಲಹೆ ಕೊಡುವ ಪ್ರೊಡಕ್ಟಿವಿಟಿ ಕಮಿಷನ್ 2022ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಮೂಲನಿವಾಸಿ ಶೈಲಿಯ ನೆನಪಿನ ಸಾಮಾನಿಗೆ ಜನ ಕೊಡುವ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿಗೇ ಹೋಗುತ್ತಿತ್ತು. ಆ ದುಡ್ಡು ಮಾನಿಂಗ್ರಿಡಾದಂಥ ಊರಿಗೆ ತಲುಪೋದಿಲ್ಲ. ನನಗೆ ಸಿಟ್ಟು ಬರೋದೇ ಇಲ್ಲಿ.

ಇನ್ನೊಂದು ವಿಷಯ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬಬ್ಬರ್ರಾದ ಹೆಂಗಸರು ಬೆಂಗಳೂರಿನ ತರಂಗಿಣಿ ಬ್ಲಾಕ್ ಪ್ರಿಂಟ್ ಸ್ಟುಡಿಯೋ ಜೊತೆ ಸೇರಿ ಕೆಲಸ ಮಾಡಿದ್ದಾರೆ. ಅವರ ವಿನ್ಯಾಸ, ನಮ್ಮ ಕಡೆಯವರ ಮರದ ಅಚ್ಚು. ಕೇಳಿ, ಒಪ್ಪಿಗೆ ತಗೊಂಡು, ಹೆಸರು ಹಾಕಿ ಮಾಡಿದ ಕೆಲಸ. ಕಂಪನಿಗಳು ಮನಸ್ಸು ಮಾಡಿದರೆ ಇದೇನು ಕಷ್ಟದ ಕೆಲಸವಲ್ಲ, ಅಲ್ವಾ?